ಹಲಗೆಯ ಮೇಲಿನ ಹೆಂಗಸು

ಮ್ಕುಯುನಿ ಹೊಳೆ ಉಕ್ಕಿ ನಮ್ಮ ಗುಡಿಸಲುಗಳನ್ನು ಬಳಿದುಕೊಂಡು ಹೋದ ವರ್ಷ, ಇದು ನೀರಿನ ಜಾಗ, ಇಲ್ಲಿ ಮನುಷ್ಯರು ಇರಬಾರದು ಎಂದು ಸರ್ಕಾರದ ಸಾಹೇಬರು ನಮ್ಮನ್ನು ದಿಬ್ಬ ಹತ್ತಿಸಿದರು. ಮಾತು ಸರಿಯಾಗಿಯೇ ಇತ್ತು. ಹತ್ತಿದೆವು. ನೀರು ಇಳಿದ ಮೇಲೆ ಬಯಲಿನಲ್ಲಿ ಎದೆಯುದ್ದ ಹುಲ್ಲು ಬಂತು. ಅದನ್ನು ಕುಯ್ದು ತಂದು, ದಾರ್ ಎಸ್ ಸಲಾಮಿನ ಓಣಿಗಳಲ್ಲಿ ನಾವು ಹೆಂಗಸರು ಹಸು ಸಾಕಿದೆವು.

ಆಮೇಲೆ ಬಯಲು ಪಾರ್ಕ್ ಆಯಿತು. ಸುತ್ತ ಬೇಲಿ, ಬಾಗಿಲಲ್ಲಿ ಮನೆಯೆತ್ತರದ ಹಲಗೆ. ಹಲಗೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸಿನ ಚಿತ್ರ. ಹುಲ್ಲು ಮುಖದ ಮೇಲೆ ಇಳಿಬಿದ್ದು, ನಗುವ ಬಾಯಿ ಮಾತ್ರ ಕಾಣುತ್ತದೆ. 'ನಗರದ ಹಸಿರು, ನಮ್ಮೆಲ್ಲರದು' ಎಂದು ಬರೆದಿದ್ದಾರೆ. ಅದರ ಕೆಳಗೆ ಸಣ್ಣಕ್ಷರದಲ್ಲಿ, 'ಹುಲ್ಲು ಕುಯ್ಯಬಾರದು.'

ಆ ಹೆಂಗಸು ನಮ್ಮ ಚೌಸಿಕು. ಯಾರೋ ಕ್ಯಾಮೆರಾದವರು ನಿಲ್ಲಮ್ಮ ಅಂದಿದ್ದರು, ನಿಂತಿದ್ದಳು. ನಗಮ್ಮ ಅಂದಿದ್ದರು, ನಕ್ಕಿದ್ದಳು. ಈಗ ಅವಳ ಹಸು ಈದಿತ್ತು. ಬಾಳೆಸಿಪ್ಪೆ, ರಟ್ಟು ತಿಂದು ಕೆಚ್ಚಲು ಬತ್ತಿತ್ತು, ಕರು ಏಳುತ್ತಿರಲಿಲ್ಲ. ಕುಡುಗೋಲು ಹಿಡಿದು ಬಾಗಿಲಿಗೆ ಹೋದಳು. ನಾವೂ ಹೋದೆವು.

ಕಾವಲಿನ ಶೊಮಾರಿ ನಮ್ಮ ಓಣಿಯವನೇ. ಚೌಸಿಕುವಿನ ಹಾಲಿನ ಚಹಾ ಕುಡಿದು ಬೆಳೆದವನು. ಬೇಲಿ ಬಂದ ಮೇಲೆ ಅವನಿಗೂ ಕಪ್ಪು ಚಹಾವೇ.

"ಅಕ್ಕಾ, ಬಿಡಕ್ಕಾಗಲ್ಲ. ನನ್ ಹೊಟ್ಟೆ ಮೇಲೆ ಹೊಡೀಬೇಡ."

"ಅಲ್ಲಿ ಮೇಲೆ ಯಾರಪ್ಪ ಅದು?"

"ನೀನೇ."

"ಆ ಹುಲ್ಲು ತಾನಾಗೇ ಬಂದು ನನ್ ತಲೆ ಮೇಲೆ ಕೂತ್ಕಂತಾ?"

ಗಲಾಟೆ ಕೇಳಿ ಪಾರ್ಕಿನ ಸಾಹೇಬ ಬಂದ. "ಆ ಚಿತ್ರದೋಳು ಯಾರೋ ಅವಳೊಬ್ಬಳನ್ನ ಬಿಡು. ಅತಿಥಿಗಳು ಬಂದಾಗ ಬೇಕಾಗ್ತಾಳೆ. ಮಿಕ್ಕೋರು ನಡೀರಿ."

ಚೌಸಿಕು ಹೋಗಿಬಿಡುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹೋಗುತ್ತಿದ್ದೆ. ಅವಳು ನಮ್ಮ ಕಡೆ ತಿರುಗಿದಳು. "ಯಾರ್ರೇ ಅವಳು?"

ಪಿಲಿ ಅಜ್ಜಿ ಮುಂದೆ ಬಂದಳು. "ನಾನೇ."

"ಚಿತ್ರದೋಳಿಗೆ ಹಲ್ಲಿದೆ" ಎಂದ ಸಾಹೇಬ.

"ಆಗ ಇತ್ತು."

"ನಾನು" ಎಂದೆ. ನನ್ನ ಹಿಂದಿನವಳೂ ಅಂದಳು, ಅವಳ ಹಿಂದಿನವಳೂ.

"ಲೋ ಶೊಮಾರಿ, ಇವರಲ್ಲಿ ಯಾರೋ?"

ಶೊಮಾರಿ ಹಲಗೆಯನ್ನು ಬಹಳ ಹೊತ್ತು ನೋಡಿದ. "ಮುಖ ಕಾಣ್ಸಲ್ಲ ಸಾಹೇಬ್ರೆ. ಎಲ್ರೂ ಇರ್ಬೋದು." ಬಾಗಿಲು ತೆರೆದ.

ಸಂಜೆಗೆ ಎಲ್ಲರ ಹಸುವಿನ ಮುಂದೂ ಹುಲ್ಲು ಬಿತ್ತು.

ಮಾರನೇ ದಿನ ಬಾಗಿಲಲ್ಲಿ ಹೊಸ ಕಾವಲುಗಾರ. ಶೊಮಾರಿ ಕುಡುಗೋಲು ಹಿಡಿದು ನಮ್ಮ ಸಾಲಿನ ಮುಂದೆ ನಿಂತಿದ್ದ.

"ನೀನ್ಯಾರು?" ಎಂದ ಹೊಸಬ.

ಶೊಮಾರಿ ಹಲಗೆಯ ಕಡೆ ಕೈ ತೋರಿಸಿದ.

"ಆ ಹೆಂಗ್ಸು ನಾನೇ."