ಕೃಷ್ಣಮ್ಮನ ಒದ್ದೆ ಗೋಣಿ

ಗೋಡೆಗೆ ಅಂಟಿಸಿದ್ದ ಬಿಳಿ ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದಕ್ಕೆ ಸದ್ದಿಲ್ಲ, ದೀಪವಿಲ್ಲ. ಮನೆಯೊಳಗಿನ ಬಿಸಿಯನ್ನೂ ತೇವವನ್ನೂ ತನ್ನಷ್ಟಕ್ಕೆ ತಾನೇ ಅಳೆದು ಬರೆದಿಟ್ಟುಕೊಳ್ಳುತ್ತದೆ ಎಂದು ಅದನ್ನು ಅಂಟಿಸಿ ಹೋದ ಸುಚಿತ್ರಾ ಹೇಳಿದ್ದಳು. ಕೃಷ್ಣಮ್ಮ ಅದನ್ನು ನಂಬಿದ್ದಳು. ನಂಬಿದ್ದರಿಂದಲೇ, ಏಪ್ರಿಲ್ ಬಿಸಿಲು ಏರಿದಂತೆಲ್ಲ, ದಿನವೂ ಊಟಕ್ಕೆ ಮೊದಲು ಒಂದು ಗೋಣಿಚೀಲವನ್ನು ನೀರಿಗೆ ಅದ್ದಿ, ಹಿಂಡಿ, ಡಬ್ಬಿಯ ಮೇಲಿದ್ದ ಮೊಳೆಗೆ ನೇತುಹಾಕುತ್ತಿದ್ದಳು.

ಅದು ತಪ್ಪೆಂದು ಅವಳಿಗೆ ತೋರಿರಲಿಲ್ಲ. ತವರಿನಲ್ಲಿ ರೇಷ್ಮೆ ಹುಳು ಸಾಕುವಾಗ ಹುಳುಮನೆಯ ಗೋಡೆಯಲ್ಲಿ ಥರ್ಮಾಮೀಟರು ತೂಗುತ್ತಿತ್ತು. ಪಾದರಸ ಏರಿತೆಂದರೆ ಕಿಟಕಿ ಬಾಗಿಲಿಗೆಲ್ಲ ಒದ್ದೆ ಗೋಣಿ ಬೀಳಬೇಕು. ಅಳೆಯುವ ಸಾಧನವನ್ನು ನೋಡುತ್ತ ಸುಮ್ಮನೆ ಕೂರುವವರು ಸೋಮಾರಿಗಳು ಎಂದು ತಾಯಿ ಬೈದು ಬೈದು ಕಲಿಸಿದ್ದಳು. ಹಾಗೆ ಬೆಳೆದವಳಿಗೆ, ಅಳೆಯುವುದಷ್ಟೇ ಉದ್ದೇಶವಾಗಿರುವ ಡಬ್ಬಿಯೊಂದು ಇರಬಹುದೆಂದು ಹೊಳೆಯಲೇ ಇಲ್ಲ.

ಜೊತೆಗೊಂದು ಆಸೆಯೂ ಇತ್ತು. ಕೂಟಗಲ್‌ ಊರಾಚೆ ವಸತಿ ಸಹಕಾರ ಸಂಘ ಕಟ್ಟಿಸಿದ್ದ ಮನೆಗಳ ಮೊದಲ ಸಾಲು ಅದು. ದಪ್ಪ ಮಣ್ಣಿನ ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ನಡುವೆ ಹೆಂಚು ಕೂರಿಸಿದ ತಾರಸಿ, ಮಲಗಿದವರ ಮೈಮೇಲೆ ಗಾಳಿ ಬರಲೆಂದು ಮೊಣಕಾಲೆತ್ತರಕ್ಕೇ ಇಟ್ಟ ಅಗಲ ಕಿಟಕಿ. ಬೇಸಿಗೆಯ ಮಧ್ಯಾಹ್ನದಲ್ಲೂ ಒಳಗೆ ಮೂವತ್ತು ಡಿಗ್ರಿ ದಾಟದು, ಕರೆಂಟೂ ಹೆಚ್ಚು ಬೇಕಾಗದು ಎಂಬುದು ನಕ್ಷೆ ಬರೆದವರ ಲೆಕ್ಕ. ಜನ ಬಾಳುವ ಮನೆಯಲ್ಲಿ ಆ ಲೆಕ್ಕ ನಿಲ್ಲುತ್ತದೆಯೇ ಎಂದು ನೋಡಲು ಸಂಘವೇ ಚನ್ನಪಟ್ಟಣದ ಸುಚಿತ್ರಾಳನ್ನು ಕರೆಸಿತ್ತು. ನಿಂತರೆ ಎರಡನೇ ಸಾಲೂ ಹೀಗೆಯೇ. ನಿಲ್ಲದಿದ್ದರೆ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಶೀಟು.

ಎರಡನೇ ಸಾಲಿನ ಮೊದಲ ನಿವೇಶನ ಕೃಷ್ಣಮ್ಮನ ಹಿತ್ತಲಿಗೆ ಅಂಟಿಕೊಂಡಿತ್ತು. ಅದು ತಂಗಿ ಅಂಕಮ್ಮನ ಹೆಸರಿಗೆ ಬಂದಿತ್ತು. ಅಂಕಮ್ಮ ಮರಳವಾಡಿಯಲ್ಲಿ ಬಾಡಿಗೆಯ ಶೀಟಿನ ಮನೆಯಲ್ಲಿದ್ದಳು. ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ನಿನ್ ಮನೆ ತರದ್ದೇ ಆದ್ರೆ ನಾಳೇನೆ ಗಂಟುಮೂಟೆ ಕಟ್ಕಂಡು ಬತ್ತೀನಿ. ಶೀಟಾದ್ರೆ ಬರಾಕಿಲ್ಲ ಕಣಕ್ಕ. ಇಲ್ಲಿ ಬೇಯ್ತಿರೋದು ಸಾಲ್ದು ಅಂತ ಅಲ್ಲಿಗೂ ಬಂದು ಬೇಯ್ಲಾ?"

ತಂಗಿ ಹಿತ್ತಲಾಚೆ ಇರುತ್ತಾಳೋ ಇಲ್ಲವೋ ಎಂಬುದು ಆ ಬಿಳಿ ಡಬ್ಬಿಯ ಕೈಯಲ್ಲಿತ್ತು. ಅದಕ್ಕೆ ಒಂದು ಗೋಣಿಯ ತಂಪು ಕೊಡುವುದು ಕೃಷ್ಣಮ್ಮನಿಗೆ ಉಪಚಾರವಾಗಿ ಕಂಡಿತ್ತು.

ಏಪ್ರಿಲ್ ಕೊನೆಗೆ ಸುಚಿತ್ರಾ ಬಂದಳು. ಸಂಘದ ಎಂಜಿನಿಯರ್ ಅಶೋಕ್ ಕೂಡ ಜೊತೆಗಿದ್ದರು. ಮಣ್ಣಿನ ಮನೆಯ ಮಾತೆತ್ತಿದರೆ ಹುಬ್ಬೇರಿಸುವ ಮನುಷ್ಯ. ಸುಚಿತ್ರಾ ಎಲ್ಲ ಮನೆಗಳ ಡಬ್ಬಿಗಳ ಅಂಕಿಗಳನ್ನು ಹೊರಗಿನಿಂದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕೊನೆಗೆ ಕೃಷ್ಣಮ್ಮನ ಜಗುಲಿಯಲ್ಲಿ ಕೂತಳು. ಹುಬ್ಬು ಗಂಟಿಕ್ಕಿತು.

"ಅಮ್ಮ, ಸಾಲಿನ ಮನೆಗಳೆಲ್ಲ ಮಧ್ಯಾಹ್ನ ಮೂವತ್ತೆರಡು, ಮೂವತ್ತಮೂರು ತೋರಿಸ್ತಿವೆ. ನಿಮ್ಮದು ಮಾತ್ರ ಇಪ್ಪತ್ತೈದು."

"ನಾನು ದಿನಾ ಸಾರಿಸ್ತೀನಿ ಕಣವ್ವ," ಎಂದಳು ಕೃಷ್ಣಮ್ಮ, ಹೆಮ್ಮೆಯಿಂದಲೇ.

"ಸಾರಿಸಿದ್ರೆ ಇಷ್ಟು ಇಳಿಯಲ್ಲ. ತೇವ ನೋಡಿ, ನೂರಕ್ಕೆ ತೊಂಬತ್ತು. ಈ ಡಬ್ಬೀನ ಬಾವಿಯೊಳಗೆ ಇಟ್ಟಿದ್ರಾ?"

ಬಾಗಿಲಲ್ಲಿ ಕುರಿಗಳ ಮೇವಿನ ಹೊರೆ ಇಳಿಸುತ್ತಿದ್ದ ಗಂಡ ಹೊನ್ನಯ್ಯ ನಕ್ಕುಬಿಟ್ಟ. "ಬಾವಿ ಎಲ್ಲೈತೆ ಮೇಡಮ್ಮೋರೆ? ದಿನಾ ಅದುಕ್ಕೆ ಸ್ನಾನ ಮಾಡುಸ್ತಾವ್ಳೆ. ನಂಗೆ ಒಂದ್ ಚೊಂಬು ನೀರು ಕೊಡಾಕೆ ಹತ್ತು ಸಲ ಕರೀಬೇಕು."

ಅಶೋಕ್ ಒಳಗೆ ಹೋಗಿ ಮೊಳೆಗೆ ನೇತುಬಿದ್ದಿದ್ದ ಗೋಣಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮನೆ ತಂಪಾಗಿದ್ದಿದ್ರೆ ಗೋಣಿ ಯಾಕಮ್ಮ ಬೇಕಿತ್ತು?"

ಅಶೋಕ್ ಅಲ್ಲಿಗೇ ನಿಲ್ಲಿಸಲಿಲ್ಲ. ಸುಚಿತ್ರಾ ದಿನವೂ ಮಧ್ಯಾಹ್ನ ಪ್ರತಿ ಮನೆಗೂ ಫೋನ್ ಮಾಡಿ, ಒಳಗೆ ಸೆಕೆಯೋ ತಂಪೋ ಎಂದು ಕೇಳುತ್ತಿದ್ದಳು. ಆ ಉತ್ತರಗಳನ್ನೂ ಅವರು ಎತ್ತಿದರು: "ಎಲ್ಲರೂ ಒಂದೇ ಸಮ 'ಚೆನ್ನಾಗೈತೆ' ಅಂದಿದ್ದಾರೆ. ಮೂವತ್ತಮೂರು ಡಿಗ್ರಿಲಿ ಏನು ಚೆನ್ನಾಗಿರುತ್ತೆ? ಡಬ್ಬಿಗೆ ಗೋಣಿ, ಪ್ರಶ್ನೆಗೆ ಸುಳ್ಳು. ಸಂಘದ ಸಮಿತಿ ಮುಂದೆ ಇದನ್ನ ಹ್ಯಾಗೆ ಇಡ್ಲಿ?"

"ಮನೆ ಕೊಟ್ಟೋರ ಎದುರ್ಗೆ ಮನೇನ ಬೈಯಕ್ಕಾಯ್ತದಾ ಸಾರ್?" ಎಂದಳು ಕೃಷ್ಣಮ್ಮ.

"ಬೈದ್ರೇ ಉಪಯೋಗ ಅಮ್ಮ," ಎಂದವರೇ ಅಶೋಕ್ ಬೈಕಿನತ್ತ ನಡೆದರು. ಬಿಸಿಲಿಗೆ ಕಾದ ಸೀಟಿನ ಮೇಲೆ ಕೂತವರು ಹಾವು ತುಳಿದಂತೆ ಎದ್ದು, ಕರವಸ್ತ್ರ ಹಾಸಿಕೊಂಡು ಮತ್ತೆ ಕೂತರು. ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಸುಚಿತ್ರಾ ಹೋಗಲಿಲ್ಲ. ಗೋಣಿಯ ಅಂಕಿಗಳನ್ನು ತೆಗೆದುಹಾಕಬೇಕಾಗುತ್ತದೆ, ಸಮಿತಿ ಬರುವುದು ಮೇ ಕೊನೆಗೆ, ಅಷ್ಟರೊಳಗೆ ಮತ್ತೆ ಅಳೆಯಬಹುದು ಎಂದಳು. ಕೃಷ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಜ ಹೇಳ್ಬುಡ್ತೀನಿ ಕಣವ್ವ. ಮಧ್ಯಾಹ್ನ ಬೇಯ್ತದೆ. ರಾತ್ರೀನೂ ಅಷ್ಟೇಯ."

"ರಾತ್ರಿ ಕಿಟಕಿ ತೆಗೀತೀರಾ?"

"ಅಯ್ಯೋ, ರಾತ್ರಿ ಕಿಟಕಿ ಯಾರಾದ್ರೂ ತೆಗ್ದಾರಾ? ಚಿರತೆ ಐತೆ."

ಅದು ನೆಪವಲ್ಲ. ಹೋದ ವರ್ಷ ಬೆಟ್ಟದಿಂದ ಇಳಿದ ಚಿರತೆ ಪಕ್ಕದ ಮನೆ ಕೆಂಚಯ್ಯನ ನಾಯಿಯನ್ನು ಜಗುಲಿಯಿಂದಲೇ ಎತ್ತಿಕೊಂಡು ಹೋಗಿತ್ತು. ಅಗಲ ಕಿಟಕಿಗೆ ಅಡ್ಡವಾಗಿ ಇದ್ದದ್ದು ದೂರ ದೂರದ ಎರಡು ಮರದ ಪಟ್ಟಿ ಮಾತ್ರ. ನಕ್ಷೆ ಬರೆದವರು ಗಾಳಿಯನ್ನು ನೆನೆದಿದ್ದರು, ಚಿರತೆಯನ್ನು ನೆನೆದಿರಲಿಲ್ಲ. ಹಾಗಾಗಿ ಇಡೀ ಸಾಲು ಕತ್ತಲಾಗುತ್ತಲೇ ಕಿಟಕಿ ಬಿಗಿದು, ಬೆಳಗಾಗುತ್ತಲೇ ತೆರೆದು, ದಿನವಿಡೀ ಬಿಸಿಗಾಳಿಯನ್ನು ಒಳಗೆ ಕರೆದುಕೊಳ್ಳುತ್ತಿತ್ತು.

ಸುಚಿತ್ರಾ ಹಣೆ ಚಚ್ಚಿಕೊಂಡಳು. "ಈ ಮನೆ ನಡೆಯೋದು ಇದಕ್ಕೆ ಪೂರ್ತಿ ಉಲ್ಟಾ ಅಮ್ಮ. ರಾತ್ರಿಯ ತಣ್ಣನೆ ಗಾಳಿ ಕುಡಿದು ಗೋಡೆ ತಣ್ಣಗಾಗಬೇಕು. ಹಗಲು ಕಿಟಕಿ ಮುಚ್ಚಿದ್ರೆ ಆ ತಂಪು ಸಂಜೆವರೆಗೂ ಇರುತ್ತೆ. ನಾವು ಇದನ್ನ ನಿಮಗೆ ಹೇಳ್ಲೇ ಇಲ್ಲ. ತಪ್ಪು ನಮ್ಮದು."

"ತಪ್ಪು ಯಾರ್ದಾದ್ರೂ ಆಗ್ಲಿ. ಚಿರತೆಗೆ ಯಾರು ಹೇಳ್ತಾರೆ?"

ಅದಕ್ಕೆ ಹೊನ್ನಯ್ಯ ಉತ್ತರ ಕೊಟ್ಟ. ಕುರಿ ದೊಡ್ಡಿಗೆ ತಂದ ಕಬ್ಬಿಣದ ಜಾಲರಿಯಲ್ಲಿ ಮಿಕ್ಕಿದ ಸುರುಳಿ ಹಿತ್ತಲಲ್ಲಿ ಬಿದ್ದಿತ್ತು. ಸಂಜೆಯೊಳಗೆ ಅದನ್ನು ಕತ್ತರಿಸಿ ಎರಡೂ ಕಿಟಕಿಗಳಿಗೆ ಹೊಡೆದ. ಸೊಳ್ಳೆಗೆಂದು ಹಳೆಯ ಸೀರೆಯೊಂದು ಅದರ ಮೇಲೆ ಬಂತು. ನೋಡಲು ಬಂದ ಕೆಂಚಯ್ಯ ಕೆಣಕಿದ: "ಏನ್ಲಾ ಹೊನ್ನಯ್ಯ, ಕುರಿ ಬುಟ್ಟು ಹೆಂಡ್ತಿನೇ ದೊಡ್ಡಿಗೆ ಕೂಡಾಕ್ಬುಟ್ಯಾ?"

"ನಾನೂ ಒಳಗೇ ಇವ್ನಿ ಕಣ್ಲಾ. ನೀನು ಆಚೆ ಮಲಿಕ್ಕೊ. ಚಿರತೆಗೆ ನಿನ್ ಮನೆ ದಾರಿ ಗೊತ್ತೈತೆ."

ಮೊದಲ ರಾತ್ರಿ ಕೃಷ್ಣಮ್ಮನಿಗೆ ನಿದ್ದೆ ಹತ್ತಲಿಲ್ಲ. ಎಲೆ ಅಲುಗಿದರೂ ಕಣ್ಣು ಬಿಡುತ್ತಿದ್ದಳು. ಬೆಳಗ್ಗೆ ಗೋಡೆ ಮುಟ್ಟಿದರೆ ನೀರಿನ ಮಡಕೆಯ ಹೊಟ್ಟೆಯಂತಿತ್ತು. ಬಿಸಿಲು ಏರುವ ಮೊದಲು ಕಿಟಕಿ ಮುಚ್ಚಿದಳು. ಮಧ್ಯಾಹ್ನ ಸುಚಿತ್ರಾಳ ಫೋನು ಬಂತು.

"ಹ್ಯಾಗಿದೆ ಅಮ್ಮ?"

ನಾಲಿಗೆಯ ತುದಿಗೆ ಬಂದಿದ್ದ "ಚೆನ್ನಾಗೈತೆ"ಯನ್ನು ಕೃಷ್ಣಮ್ಮ ನುಂಗಿಕೊಂಡಳು. "ನೆನ್ನೆಗಿಂತ ವಾಸಿ. ಇನ್ನೂ ಒಸಿ ಸೆಕೆ ಐತೆ. ಅಂಗೇ ಬರ್ಕೊ."

ಆಮೇಲಿನ ದಿನಗಳಲ್ಲಿ ಅವಳಿಗೆ ಅತ್ಯಂತ ಕಷ್ಟವಾದದ್ದು ಕೈ ಕಟ್ಟಿ ಕೂರುವುದು. ಗೋಣಿ ಬಚ್ಚಲ ಮೂಲೆಯಲ್ಲಿ ಒಣಗಿ ಬಿದ್ದಿತ್ತು. ಡಬ್ಬಿಯ ಮುಂದೆ ಹಾದುಹೋಗುವಾಗಲೆಲ್ಲ ಕೈ ನೀರಿನ ಕಡೆ ಹೋಗುತ್ತಿತ್ತು. ಅವಳು ಅದನ್ನು ಸೊಂಟಕ್ಕೆ ತಂದುಕೊಳ್ಳುತ್ತಿದ್ದಳು. ಮನೆ ಗೆಲ್ಲುವುದಾದರೆ ತಾನೇ ಗೆಲ್ಲಲಿ. ದಿನ ಕಳೆದಂತೆ ಗೋಡೆ ಒಳಗಿನಿಂದ ತಣಿಯುತ್ತ ಬಂತು. ಫೋನಿನ ಉತ್ತರವೂ ಬದಲಾಯಿತು: "ಇವತ್ತು ಫ್ಯಾನು ಒಂದರಲ್ಲೈತೆ." ಇನ್ನೊಂದು ದಿನ: "ಫ್ಯಾನೇ ಹಾಕಿಲ್ಲ, ಆದ್ರೆ ಒಲೆ ಮುಂದೆ ನಿಲ್ಲಾಕಾಯ್ತಿಲ್ಲ, ಅದ್ನೂ ಬರ್ಕೊ." ಜಾಲರಿ ಹೊಡೆಸಿಕೊಳ್ಳಲು ಮೊದಲು ಬಂದವನು ಕೆಂಚಯ್ಯನೇ. ಸಮಿತಿ ಬರುವ ಹೊತ್ತಿಗೆ ಸಾಲಿನ ಎಲ್ಲ ಕಿಟಕಿಗೂ ಜಾಲರಿ ಬಿದ್ದಿತ್ತು.

ಸಮಿತಿ ಬಂದದ್ದು ಉರಿ ಮಧ್ಯಾಹ್ನದಲ್ಲಿ. ಸಂಘದ ಅಧ್ಯಕ್ಷ ಮುನಿರಾಮಯ್ಯ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು. ಅಶೋಕ್ ಈ ಸಲ ಸ್ವಂತ ಥರ್ಮಾಮೀಟರು ತಂದಿದ್ದರು. ಹೊರಗೆ ಬೇವಿನ ನೆರಳಲ್ಲಿ ಹಿಡಿದರು: ಮೂವತ್ತೇಳು. ಒಳಗೆ ಬಂದು ಮೊದಲು ಮೊಳೆ ನೋಡಿದರು, ಆಮೇಲೆ ಬಚ್ಚಲು ನೋಡಿದರು, ನೆಲದ ಮೇಲೆ ಕೈಯಾಡಿಸಿ ಒಣಗಿದೆಯೇ ಎಂದೂ ನೋಡಿದರು. ಥರ್ಮಾಮೀಟರನ್ನು ಕೋಣೆಯ ನಡುವೆ ತೂಗುಹಾಕಿ ಕಾದರು. ಫ್ಯಾನು ನಿಂತೇ ಇತ್ತು.

ಇಪ್ಪತ್ತೊಂಬತ್ತೂವರೆ.

ಅಶೋಕ್ ಅದನ್ನು ಬೆರಳಿನಿಂದ ತಟ್ಟಿದರು. ಅಂಕಿ ಅಲುಗಲಿಲ್ಲ. ಬಿಳಿ ಡಬ್ಬಿಯೂ ಅದನ್ನೇ ಹೇಳುತ್ತಿದೆ ಎಂದು ಸುಚಿತ್ರಾ ಲ್ಯಾಪ್‌ಟಾಪ್ ತಿರುಗಿಸಿದಳು. ಸಾಲಿನ ಉಳಿದ ಮನೆಗಳೂ ಮೂವತ್ತರ ಆಸುಪಾಸಿನಲ್ಲಿದ್ದವು. ಹೋಲಿಸಲೆಂದು ರಸ್ತೆಯಾಚೆಯ ಶೀಟಿನ ಮನೆಯಲ್ಲಿ ಇಟ್ಟಿದ್ದ ಡಬ್ಬಿ ಮೂವತ್ತೊಂಬತ್ತು ತೋರಿಸುತ್ತಿತ್ತು. ಅಲ್ಲಿ ಎರಡು ಫ್ಯಾನು, ಒಂದು ಕೂಲರು ತಿರುಗುತ್ತಿದ್ದವು. ಆ ಮನೆ ಸುಟ್ಟ ಕರೆಂಟಿನ ಅರ್ಧವೂ ಇಲ್ಲಿ ಖರ್ಚಾಗಿರಲಿಲ್ಲ.

"ಅಂಕಿ ಸರಿ," ಎಂದರು ಅಶೋಕ್. "ಅಮ್ಮ, ನೀವು ಹೇಳಿ. ಮನೆ ಹ್ಯಾಗಿದೆ?"

ಹಿತ್ತಲ ಬಾಗಿಲಿನಾಚೆ ಖಾಲಿ ನಿವೇಶನದ ಗೂಟಗಳು ಕಾಣುತ್ತಿದ್ದವು. ಒಂದು ಒಳ್ಳೆಯ ಮಾತು ಸಾಕಿತ್ತು. ಕೃಷ್ಣಮ್ಮ ಸೆರಗು ಬಿಗಿದುಕೊಂಡಳು.

"ಅಡಿಗೆ ಮನೆ ಸರಿ ಇಲ್ಲ ಸಾರ್. ಮುದ್ದೆ ತಿರುವೋ ಹೊತ್ತಿಗೆ ಮೈಯೆಲ್ಲ ನೀರು. ಬಿಸಿ ಆಚೆ ಹೋಗಾಕೆ ಮೇಲೊಂದು ಕಿಂಡಿ ಮಡಗ್ಬೇಕಿತ್ತು, ಮಡಗಿಲ್ಲ. ಕಿಟಕಿಗೆ ಜಾಲರಿ ನೀವೇ ಹಾಕ್ಬೇಕಿತ್ತು, ಹಾಕಿಲ್ಲ. ಈ ನಡುಮನೆ ಮಾತ್ರ... ರಾತ್ರಿ ಮೂರರ ಮ್ಯಾಕೆ ದುಪ್ಪಟಿ ಎಳ್ಕಬೇಕು. ಇದುಕ್ಕಿಂತ ಏನ್ ಹೇಳ್ಲಿ?"

ಮುನಿರಾಮಯ್ಯ ಮುಖ ಸಿಂಡರಿಸಿ ಸುಚಿತ್ರಾಳನ್ನು ನೋಡಿದರು. ಅಶೋಕ್ ನಕ್ಕರು. ಕೃಷ್ಣಮ್ಮ ಅವರ ನಗು ನೋಡಿದ್ದು ಅದೇ ಮೊದಲು.

"ಅಧ್ಯಕ್ಷರೇ, ಈ ಸಾಲಲ್ಲಿ ಇವತ್ತಿನವರೆಗೆ ಯಾರೂ ನಮ್ಮ ಎದುರು ಬಾಯಿ ಬಿಟ್ಟು ಬೈದಿರಲಿಲ್ಲ. ಬೈಯೋರು ಹೊಗಳಿದ್ರೆ ನಾನು ನಂಬ್ತೀನಿ. ಎರಡನೇ ಸಾಲು ಮಣ್ಣಿನ ಇಟ್ಟಿಗೆಯಲ್ಲೇ ಆಗ್ಲಿ. ಜಾಲರಿ, ಅಡುಗೆಮನೆ ಕಿಂಡಿ ನಕ್ಷೆಯಲ್ಲೇ ಬರ್ಲಿ."

ಮುನಿರಾಮಯ್ಯ ಗೋಡೆಗೆ ಬೆನ್ನು ಆನಿಸಿ ಸ್ವಲ್ಪ ಹೊತ್ತು ನಿಂತರು. ಬೆನ್ನಿಗೆ ತಂಪು ಹತ್ತಿತ್ತೇನೋ, ಅಲ್ಲಿಂದ ಸರಿಯಲು ಮನಸ್ಸಿರಲಿಲ್ಲ. "ಆಗ್ಲಿ ಬುಡಪ್ಪ. ಅಂಗೇ ಬರೀರಿ," ಎಂದರು ಅಲ್ಲಿಂದಲೇ.

ಕೃಷ್ಣಮ್ಮ ಅಡುಗೆಮನೆಗೆ ಓಡಿ ಫೋನು ಹಚ್ಚಿದಳು. "ಅಂಕಾ, ಗಂಟು ಕಟ್ಟೇ! ಕಿಂಡಿ ಮಡುಗ್ತಾರಂತೆ, ನಿನ್ ಮನೆ ನಂದುಕ್ಕಿಂತ ಚೆಂದಾಗಿರ್ತದೆ, ಹಾಳಾದೋಳೆ!" ಆಚೆ ತುದಿಯ ಕಿರುಚಾಟ ನಡುಮನೆಯಲ್ಲಿದ್ದವರಿಗೂ ಕೇಳಿಸಿತು.

ಹೊರಡುವ ಹೊತ್ತಾಯಿತು. ಅಶೋಕ್ ಬಿಸಿಲಲ್ಲಿ ನಿಲ್ಲಿಸಿದ್ದ ಬೈಕಿನ ಮುಂದೆ ಕರವಸ್ತ್ರಕ್ಕಾಗಿ ಜೇಬು ತಡಕುತ್ತಿದ್ದರು. ಕೃಷ್ಣಮ್ಮ ಬಚ್ಚಲಿನಿಂದ ಬಂದಳು. ಕೈಯಲ್ಲಿ ಗೋಣಿ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಸೀಟಿನ ಮೇಲೆ ಹಾಸಿ ಅಂಗೈಯಿಂದ ಒತ್ತಿದಳು.

"ಕೂತ್ಕಳಿ ಸಾರ್. ಗೋಣಿ ಬೇಕಾಗಿರೋದು ಇದುಕ್ಕೆ."