ಅಕ್ಕನ ಏಣಿ

ಚಳಿ ಗಟ್ಟಿಯಾಗಿ ಇಳಿದಿತ್ತು. ಕಿತ್ತಳೆ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ಬುಟ್ಟಿಗಳ ಸದ್ದು. ವರ್ಷದ ಕೊನೆಯ ರಜೆಗೆ ಪೇಟೆಯವರೆಲ್ಲ ಹಣ್ಣು ಕೊಳ್ಳುವ ಕಾಲ. ಸಂಜೆ ಲಾರಿ ಬರುವುದರೊಳಗೆ ಕಿತ್ತದ್ದು ತಮ್ಮದು, ಉಳಿದದ್ದು ಹಕ್ಕಿಗಳದು.

ಬಡಗಿ ಮಾತ್ರ ಬಾಗಿಲು ಮುಚ್ಚಿಕೊಂಡು ಒಳಗೇ ಇದ್ದ. ಅವನೆದುರು ಅಕ್ಕನ ಏಣಿ ಮಲಗಿತ್ತು. ರಜೆಗೆ ಒಬ್ಬರಿಗೊಬ್ಬರು ಏನಾದರೂ ಕೊಡುವುದು ಮನೆಯ ರೂಢಿ. ಹೋದ ವರ್ಷ ಅವನು ಗಾಜಿನ ದೀಪದ ಗೊಂಚಲು ಕೊಟ್ಟಿದ್ದ. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು” ಎಂದು ನಕ್ಕು ಅಕ್ಕ ಅದನ್ನು ಅಟ್ಟಕ್ಕೇರಿಸಿದ್ದಳು. ಈ ಸಲ ಹೊಸದೇನೂ ಬೇಡ, ಅವಳು ದಿನಾ ಹತ್ತುವುದನ್ನೇ ಗಟ್ಟಿ ಮಾಡಿಕೊಡೋಣ ಎಂದು ನಿನ್ನೆ ಸಂಜೆ ಹೇಳದೆ ಕೇಳದೆ ಹೊತ್ತು ತಂದಿದ್ದ. ಲಡ್ಡು ಹಿಡಿದು ಮೆತ್ತಗಾದ ಮೆಟ್ಟಿಲು ಬದಲಿಸಿ, ಬೆಳಗಾಗುವುದರೊಳಗೆ ಒಯ್ದಿಟ್ಟರಾಯಿತು ಎಂಬ ಲೆಕ್ಕ. ಚಳಿಗೆ ಅಂಟು ಹಿಡಿಯಲಿಲ್ಲ. ಬೆರಳಿಟ್ಟರೆ ಇನ್ನೂ ಜಿಗುಟು. ಈಗ ಹತ್ತಿದವರು ಬಿದ್ದಂತೆಯೇ.

ಬಾಗಿಲು ಬಡಿದ ಸದ್ದಾಯಿತು. ಅವನು ಹೊರಬಂದು ಬಾಗಿಲೆಳೆದುಕೊಂಡ.

“ಲೋ, ನನ್ನ ಏಣಿ ನೋಡಿದ್ಯೇನೋ?” ಅಕ್ಕ ಏದುಸಿರು ಬಿಡುತ್ತಿದ್ದಳು.

“ಏಣಿನಾ? ಇಲ್ಲಪ್ಪ.” ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ಹೆಗಲ ಮೇಲಿನ ಮರದ ಹೊಟ್ಟು ಕೊಡವಿತು.

“ಹಾಗಾದ್ರೆ ಪಕ್ಕದ ತೋಟದ ಗಡ್ಡದವನದೇ ಕೆಲಸ. ನೀರಿನ ಜಗಳ ಆದಾಗಿಂದ ಹೊಟ್ಟೇಲಿ ಹಗೆ ಇಟ್ಕೊಂಡಿದಾನೆ.”

“ಬೇಡ ಕಣಕ್ಕ, ಮಧ್ಯಾಹ್ನದವರೆಗೆ ತಡಿ.”

“ಯಾಕೆ, ಅಷ್ಟೊತ್ತಿಗೆ ಹಣ್ಣೇ ಇಳಿದು ಬಂದು ಬುಟ್ಟೀಲಿ ಕೂತ್ಕೊಳ್ಳುತ್ತಾ?”

ಅವಳು ಹೊರಟೇಬಿಟ್ಟಳು. ಅವನು ಒಳಗೆ ಹೋದ, ಅಂಟು ಮುಟ್ಟಿದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಹೇಳಿದರೆ ಉಡುಗೊರೆಯ ಗುಟ್ಟು ಹಾಳು; ಹೇಳದಿದ್ದರೆ ಏನೂ ಅರಿಯದ ಮನುಷ್ಯ ಕಳ್ಳನಾಗುತ್ತಾನೆ. ಕೊನೆಗೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಅಕ್ಕನ ಕೂಗಾಟ ಮುಗಿದಿತ್ತು. ಆಳುಗಳೆಲ್ಲ ಮರದ ಮೇಲಿಂದಲೇ ನೋಡುತ್ತಿದ್ದರು. ಗಡ್ಡದವನು ತನ್ನ ಏಣಿಯನ್ನೇ ಬೇಲಿಗೆ ಒರಗಿಸಿದ್ದ. “ನಾನು ಕಳ್ಳನೋ ಅಲ್ವೋ ಆಮೇಲೆ ನೋಡೋಣ. ಲಾರಿ ಕಾಯಲ್ಲ. ಇದನ್ನ ತಗೊಂಡ್ಹೋಗಮ್ಮ.”

“ಅಕ್ಕ, ಏಣಿ ನನ್ನ ಹತ್ರಾನೇ ಇದೆ,” ಎಂದ ಬಡಗಿ. “ರಿಪೇರಿ ಮಾಡಿ ನಿಂಗೇ ಕೊಡೋಣ ಅಂತ...”

ಅಕ್ಕನ ಮುಖ ಕೆಂಪೇರಿತು. ಗಡ್ಡದವನ ಏಣಿ ಹೊತ್ತು ನಡೆದಳು. ದಿನವಿಡೀ ಅವಳು ಮೇಲೆ, ತಮ್ಮ ಕೆಳಗೆ. ಬುಟ್ಟಿ ಇಳಿಸುವಾಗಲೂ ಅವನ ಮುಖ ನೋಡಲಿಲ್ಲ. ಲಾರಿ ತುಂಬಿ ಹೋಯಿತು.

“ಏಣಿ ಕೊಟ್ಟು ಬಾ,” ಎಂದು ಒಂದು ಬುಟ್ಟಿ ಹಣ್ಣನ್ನೂ ಅವನ ಕೈಗಿತ್ತಳು.

ಗಡ್ಡದವನು ಬುಟ್ಟಿ ನೋಡಿ ನಕ್ಕ. “ನನ್ನ ತೋಟದ ತುಂಬಾ ಇದೇ ಇದೆಯಲ್ಲೋ. ಕೊಳೆಸೋಕೆ ಇನ್ನೊಂದು ಬುಟ್ಟಿ ಯಾಕೆ? ವಾಪಸ್ ತಗೊಂಡ್ಹೋಗು. ಆಳುಗಳ ಮುಂದೆ ಕಳ್ಳ ಅಂದವಳು ಬಂದು ಅಲ್ಲ ಅಂದ್ರೆ ಸಾಕು.”

ಬಡಗಿ ಅಕ್ಕನ ಮುಂದೆ ಬುಟ್ಟಿ ಇಳಿಸಿ ಅದನ್ನೇ ಹೇಳಿದ. ಅಕ್ಕ ಶಾಲು ಹೊದ್ದು ಗೇಟಿನವರೆಗೆ ಹೋದಳು. ಅಗುಳಿಯ ಮೇಲೆ ಕೈಯಿಟ್ಟು ನಿಂತಳು.

“ಕತ್ತಲಾಯ್ತು. ನಾಳೆ ಹೋಗ್ತೀನಿ,” ಎಂದು ತಿರುಗಿದಳು.

ಬೇಲಿಯಾಚೆ ಗಡ್ಡದವನು ಸೌದೆ ಆಯುತ್ತಿರುವುದು ಕಾಣುವಷ್ಟು ಬೆಳಕು ಇನ್ನೂ ಇತ್ತು.