ಬರಿಗೈಯ ಸೋರಿ

ಬಿಳಿಯರು ಬಿಟ್ಟುಹೋದ 'ಸಾರಿ' ನಮ್ಮ ಗುಡ್ಡದ ಜನರ ಬಾಯಲ್ಲಿ 'ಸೋರಿ' ಆಗಿ, ಸಿಹಿಗೆಣಸಿನ ಹಾಗೆ ಮೂರು ಹೊತ್ತಿಗೂ ಒದಗುತ್ತದೆ. ಮಗು ಎಡವಿ ಬಿದ್ದರೆ ಸೋರಿ. ಗೊರೋಕಾ ಪೇಟೆಯ ಬಸ್ಸು ಕಣ್ಣೆದುರೇ ಹೊರಟುಹೋದರೆ, ತಪ್ಪಿಸಿಕೊಂಡವನಿಗೆ ಇಡೀ ಸಂತೆಯೇ ಸೋರಿ ಎನ್ನುತ್ತದೆ. ಗುಂಡುಗುಂಡಗಿನ ಕೂಸನ್ನು ಕಂಡು ಮುದ್ದು ಉಕ್ಕಿದರೂ ಸೋರಿ. ಗಂಡ ಕರಾವಳಿಗೆ ದುಡಿಯಲು ಹೋಗಿ ಅವನ ನೆನಪು ಕಾಡಿದರೂ ಸೋರಿ, ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅತ್ತರೂ ಸೋರಿಯೇ. ನಾನು ದಿನಕ್ಕೆ ನೂರು ಸಲ ಅನ್ನುತ್ತೇನೆ. ನನ್ನ ನಾದಿನಿ ಜೆನಿಟಾಳಿಗೆ ಮಾತ್ರ ಒಂದೇ ಒಂದು ಸಲ ಸರಿಯಾಗಿ ಅನ್ನಲಾಗದೆ ತಿಂಗಳಿಡೀ ಒದ್ದಾಡಿದೆ.

ತಪ್ಪು ನನ್ನ ಹಂದಿಯದು. ಹೆಸರು ಫೊಂಡೆ, ಅಂದರೆ ಗುರುವಾರ; ಅಂದು ಹುಟ್ಟಿದವಳೆಂದು ಆ ಹೆಸರು. ತಾಯಿ ಸತ್ತ ಮರಿಯನ್ನು ಗೆಣಸು ಅಗಿದು ತಿನ್ನಿಸಿ, ಒಲೆಯ ಪಕ್ಕ ಮಲಗಿಸಿ ಸಾಕಿದ್ದೆ. ಆ ಮಹಾತಾಯಿ ಒಂದು ಬೆಳಗ್ಗೆ ಜೆನಿಟಾಳ ತೋಟದ ಬೇಲಿ ಮುರಿದು ನುಗ್ಗಿ, ಇನ್ನೇನು ಅಗೆಯಬೇಕಿದ್ದ ನಾಲ್ಕು ಸಾಲು ಗೆಣಸು ತಿಂದು, ತಿಂದದ್ದಕ್ಕಿಂತ ಹೆಚ್ಚು ಕೆದರಿ, ಅಲ್ಲೇ ಗೊರಕೆ ಹೊಡೆಯುತ್ತ ಮಲಗಿದ್ದಳು.

"ನೋಡು ಬಾ ಅತ್ತಿಗೆ, ನಿನ್ನ ಮಗಳ ಕೆಲಸಾನ!" ಎಂದು ಜೆನಿಟಾ ಕೂಗಿದಳು.

ಹೋಗಿ ನೋಡಿದೆ. "ಸೋರಿ ಕಣೇ," ಎಂದೆ, ಬಸ್ಸು ತಪ್ಪಿದವರಿಗೆ ಅನ್ನುವ ಹಾಗೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ನನ್ನ ಬಾಯಿಗೆ ಬೀಗವೆಲ್ಲಿದೆ? "ಆದ್ರೂ ಬೇಲೀನ ಸ್ವಲ್ಪ ಗಟ್ಟಿಯಾಗಿ ಕಟ್ಟಬಾರದಿತ್ತಾ?" ಎಂದುಬಿಟ್ಟೆ.

ಜೆನಿಟಾ ಶನಿವಾರ ತನ್ನ ಗೋಣಿಚೀಲ ಎತ್ತಿಕೊಂಡು ಸಂತೆಯ ಆ ತುದಿಗೆ, ಮೀನಿನವರ ಪಕ್ಕ ಹೋಗಿ ಕುಳಿತಳು. ಇಪ್ಪತ್ತು ವರ್ಷ ನನ್ನ ಮೊಣಕೈಗೆ ಮೊಣಕೈ ತಾಗಿಸಿ ಕೂತು ಕಡಲೆಕಾಯಿ ಮಾರಿದವಳು! ನನ್ನ ಮೂರು ಹೆರಿಗೆ ಮಾಡಿಸಿದವಳು! ಹೋದರೆ ಹೋಗಲಿ, ಪೀಡೆ ತೊಲಗಿತು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಖಾಲಿ ಜಾಗದ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದೆ. ಯಾರನ್ನಾದರೂ ಆಡಿಕೊಳ್ಳೋಣವೆಂದರೆ ಕೇಳುವವರೇ ಇಲ್ಲ.

"ಸೋರಿ ಅಂದೆನಲ್ಲ, ಇನ್ನೇನು ಕಾಲಿಗೆ ಬೀಳ್ಬೇಕಾ?" ಎಂದು ಗಂಡ ಕೆನಾಯನ ಮೇಲೆ ರೇಗಿದೆ.

"ಬರಿಗೈಲಿ ಅಂದ್ಯಲ್ಲ. ಬಾಯಿಮಾತಿಗೆ ಯಾರ ಹೊಟ್ಟೆ ತಣ್ಣಗಾಗುತ್ತೆ?"

ಅವನು ಹೇಳಿದ್ದು ಸರಿ. ಜಗಳವಾದರೆ ಎರಡೂ ಕಡೆಯವರು ಏನಾದರೂ ತಂದುಕೊಟ್ಟು, ಕೂತು ಉಣ್ಣಬೇಕು. ಅದಕ್ಕೆ ಹೊಟ್ಟೆ ತಣ್ಣಗೆ ಮಾಡುವುದು ಎಂದೇ ಹೆಸರು. ತಪ್ಪು ಮಾಡಿದವರು ತರಬೇಕಾದದ್ದು ಹಂದಿ. ನಮ್ಮಲ್ಲಿದ್ದುದು ಒಂದೇ ಹಂದಿ.

ಮೂರು ವಾರ ಫೊಂಡೆಯ ಮುಖ ನೋಡಿದೆ, ಸಂತೆಯ ಖಾಲಿ ಜಾಗ ನೋಡಿದೆ. ಕೊನೆಗೆ ಜೆನಿಟಾಳಿಗೆ ಹೇಳಿಕಳಿಸಿ, ನಾಲ್ಕನೆಯ ಭಾನುವಾರ ಚರ್ಚು ಮುಗಿದ ಮೇಲೆ ಫೊಂಡೆಯ ಮುಂಗಾಲಿಗೆ ಹಗ್ಗ ಕಟ್ಟಿ ಹೊರಟೆ. ಪಾಪದ್ದು, ಹಬ್ಬಕ್ಕೆ ಹೊರಟವಳ ಹಾಗೆ ಬಾಲ ಆಡಿಸುತ್ತ ನನಗಿಂತ ಮುಂದೆ ನಡೆಯಿತು. ನನಗೆ ದಾರಿಯೇ ಕಾಣಿಸುತ್ತಿರಲಿಲ್ಲ.

ಜೆನಿಟಾಳ ಅಂಗಳದಲ್ಲಿ ಮಾಂಸ ಬೇಯಿಸಲು ಗುಂಡಿ ತೋಡಿ, ಕಲ್ಲು ಕಾಯಿಸಿ, ಬಾಳೆಲೆ ಹಾಸಿದ್ದರು. ಚರ್ಚಿನ ಹಿರಿಯರು ಬಂದಿದ್ದರು. ಕೆನಾಯ ಹಂದಿ ಕೊಲ್ಲುವ ದೊಣ್ಣೆ ಹಿಡಿದು ನೆಲ ನೋಡುತ್ತ ನಿಂತಿದ್ದ. ಜೆನಿಟಾ ಕಂಕುಳಲ್ಲಿ ಒಂದು ಕೋಳಿ, ಕೈಯಲ್ಲಿ ನನಗಾಗಿ ಹೆಣೆದ ಹೊಸ ನೂಲಿನ ಚೀಲ ಹಿಡಿದು ಎದುರಿಗೆ ಬಂದಳು. ಹಗ್ಗವನ್ನು ಅವಳ ಕೈಗಿಟ್ಟೆ.

"ಬೇಲಿ ಗಟ್ಟಿಯಾಗೇ ಇತ್ತು ಕಣೇ. ತಪ್ಪು ನಮ್ಮದೇ. ನೀನಿಲ್ದೆ ನಂಗೆ ಸಂತೆಗೆ ಹೋಗೋಕೇ ಮನಸ್ಸಿಲ್ಲ. ಸೋರಿ," ಎಂದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತು.

ಫೊಂಡೆ ಜೆನಿಟಾಳ ಪಾದ ಮೂಸಿದಳು. ಚಿಕ್ಕಂದಿನಿಂದ ಅವಳ ಕೈಯ ಕಡಲೆಕಾಯಿ ತಿಂದ ಜೀವ. ಈಗಲೂ ಅದನ್ನೇ ಹುಡುಕುತ್ತಿತ್ತು.

"ಅಯ್ಯೋ, ಸೋರೀ..." ಎಂದು ಜೆನಿಟಾ ಕೂಸನ್ನು ಕಂಡವಳ ಹಾಗೆ ಕುಕ್ಕರಗಾಲಲ್ಲಿ ಕೂತು ಅದರ ಕಿವಿ ಸವರಿದಳು. ಆಮೇಲೆ ತಲೆಯೆತ್ತಿ ಅಬ್ಬರಿಸಿದಳು: "ಅಣ್ಣಾ, ಆ ದೊಣ್ಣೆ ಬಿಸಾಕು! ಅತ್ತಿಗೆ ಕೊಟ್ಟಾಯ್ತು, ನಾನು ತಗೊಂಡಾಯ್ತು. ಇನ್ನು ಇದು ನನ್ನ ಹಂದಿ. ಕೊಲ್ಲೋಕೆ ನೀನ್ಯಾರು?"

"ಹನ್ನೆರಡು ಜನಕ್ಕೆ ಒಂದೇ ಕೋಳೀನಾ?" ಎಂದರು ಹಿರಿಯರು, ಮೆಲ್ಲಗೆ.

"ಗೆಣಸು ತಿನ್ನಿ!" ಎಂದು ನಾವಿಬ್ಬರೂ ಒಟ್ಟಿಗೆ ರೇಗಿದೆವು.

"ಗೆಣಸು ಎಲ್ಲಿದೆ ತಾಯಂದಿರಾ? ಈ ಹಂದಿ ತಿಂತಲ್ಲ!"

ಮೊದಲು ನಕ್ಕವಳು ಜೆನಿಟಾ. ಅಂದು ಕೋಳಿಯ ಜೊತೆ ಬಾಳೆಕಾಯಿ ಬೇಯಿಸಿ ತಿಂದೆವು.

ಮನೆಗೆ ಬಂದು ಒಲೆಯ ಪಕ್ಕ ಕೂತರೆ ಮತ್ತೆ ಅಳು. ಅಷ್ಟರಲ್ಲಿ ಬಾಗಿಲಲ್ಲಿ ಫೊಂಡೆ! ಕಡಿದ ಹಗ್ಗ ಎಳೆಯುತ್ತ ಬಂದು ತನ್ನ ಜಾಗದಲ್ಲಿ ಮಲಗಿದಳು. ಬೆಳಗ್ಗೆ ಜೆನಿಟಾ ಬಂದಳು. "ಎಲ್ಲಿ ನನ್ನ ಹಂದಿ?" ಎನ್ನುತ್ತ ಕೂತವಳು ಚಹಾ ಕುಡಿದು, ಊರವರ ಸುದ್ದಿಯೆಲ್ಲ ಹೇಳಿ, ಹೊತ್ತೇರಿದ ಮೇಲೆ ಹಂದಿ ಹೊಡೆದುಕೊಂಡು ಹೋದಳು. ಸಂಜೆ ಫೊಂಡೆ ಮತ್ತೆ ನಮ್ಮ ಮನೆಯಲ್ಲಿ. ಬೆಳಗ್ಗೆ ಜೆನಿಟಾ ಮತ್ತೆ ನಮ್ಮ ಮನೆಯಲ್ಲಿ. ಶನಿವಾರ ಅವಳ ಗೋಣಿಚೀಲ ನನ್ನ ಗೋಣಿಚೀಲದ ಪಕ್ಕಕ್ಕೆ ಬಂತು.

ಪಾಪ, ಕೆನಾಯ ಕಾಡಿನಿಂದ ಗಟ್ಟಿ ಗೂಟಗಳನ್ನು ಹೊತ್ತು ತಂದ. "ತಂಗಿ, ಭದ್ರವಾದ ಹಂದಿದೊಡ್ಡಿ ಕಟ್ಟಿಕೊಡ್ತೀನಿ. ದಿನಾ ಹುಡುಕ್ಕೊಂಡು ಬರೋ ಕಷ್ಟ ತಪ್ಪುತ್ತೆ."

ಜೆನಿಟಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಈ ವಾರ ಬೇಡ ಅಣ್ಣ," ಎಂದಳು. "ಮುಂದಿನ ವಾರ ನೋಡೋಣ."

ಅದಾಗಿ ಹನ್ನೊಂದು ವಾರವಾಯಿತು.